ಟಲ್ಸಾದಲ್ಲಿರುವ ರಿವಾಲ್ವರ್ ಪ್ಲೇನೋಗೆ ತರುವುದು ಹೇಗೆ? ಗೊತ್ತಿರುವವರು ಹೇಳಿ

ಪ್ಲೇನೋವಾಸಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಬೇರೆ ಥರದ್ದು, ತಪ್ಪು ತಿಳ್ಕೋಬೇಡಿ.

ನಾನಿರೋದು ಟೆಕ್ಸಸ್‌ನ ಪ್ಲೇನೋದಲ್ಲಿ. ವಯಸ್ಸು 44. ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಯಿತು. ಅದು ಬಂದ ಮೇಲೆ ಆಫೀಸಿನ ಹಿರಿಯರೊಬ್ಬರು ನನ್ನನ್ನು ಶನಿವಾರ ಬೆಳಿಗ್ಗೆ ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಅವರ ಹತ್ತಿರ 1972ರಲ್ಲಿ ಕೊಂಡ ಸ್ಮಿತ್ ಅಂಡ್ ವೆಸನ್ ಮಾಡೆಲ್ 10 ಇತ್ತು. .38 ಸ್ಪೆಷಲ್, ಆರು ಗುಂಡಿನ ರಿವಾಲ್ವರ್. ಮರದ ಹಿಡಿ ಒಂದು ಕಡೆ ಸವೆದು ನುಣ್ಣಗಾಗಿದೆ, ಅವರ ಹೆಬ್ಬೆರಳು ಕೂರುತ್ತಿದ್ದ ಜಾಗದಲ್ಲಿ. ನಾನು ಕಲಿತದ್ದು ಅದರಲ್ಲೇ.

ನಿವೃತ್ತಿ ಆದ ಮೇಲೆ ಅವರು ಒಕ್ಲಹೋಮದ ಟಲ್ಸಾಗೆ ಹೋದರು. ಈ ಚಳಿಗಾಲದಲ್ಲಿ ತೀರಿಕೊಂಡರು. ಅವರ ಹೆಂಡತಿಗೆ ಗನ್ ಮನೆಯಲ್ಲಿ ಇಟ್ಟುಕೊಳ್ಳಲು ಇಷ್ಟ ಇಲ್ಲ. 350 ಡಾಲರ್‌ಗೆ ನನಗೇ ಕೊಡ್ತಾರಂತೆ. "ಪೂರ್ತಿ ದೂರ ಯಾಕೆ ಬರ್ತೀಯ, ಎರಡು ರಾಜ್ಯಗಳ ಗಡಿಯಲ್ಲಿರೋ ರೆಡ್ ರಿವರ್ ನದಿ ಹತ್ತಿರ ಒಂದು ಗ್ಯಾಸ್ ಸ್ಟೇಷನ್‌ನಲ್ಲಿ ಸಿಗೋಣ, ಮಾರಿದ್ದೇನೆ ಅಂತ ಕಾಗದ ಬರೆದುಕೊಡ್ತೀನಿ" ಅಂತಿದ್ದಾರೆ.

ಇದು ಸರಿನಾ? ಇಲ್ಲದಿದ್ದರೆ ನಾನೇ ಟಲ್ಸಾಗೆ ಹೋಗಿ, ಅಲ್ಲಿಯ ಗನ್ ಅಂಗಡಿಯಲ್ಲಿ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸಿ ತರಬಹುದಾ? ಇನ್ನೊಂದು. "ನಾನು ಹೋದ ಮೇಲೆ ಇದು ನಿನಗೆ" ಅಂತ ಅವರು ಎಷ್ಟೋ ಸಲ ಹೇಳಿದ್ದರು. ಅದಕ್ಕೇನಾದರೂ ಬೆಲೆ ಇದೆಯಾ?

ಗುಡ್‌ಮಾರ್ನಿಂಗ್_ಆಸ್ಟಿನ್:

ಅಯ್ಯೋ ಬಿಡಿ ಸರ್. ಟೆಕ್ಸಸ್‌ನಲ್ಲಿ ಇಬ್ಬರ ನಡುವಿನ ಮಾರಾಟಕ್ಕೆ ಕಾಗದವೇ ಬೇಡ. ದುಡ್ಡು ಕೊಡಿ, ತಗೊಂಡು ಬನ್ನಿ. ಯಾರು ಕೇಳ್ತಾರೆ?

ಹಳೇಸಿಲಿಂಡರ್:

ಪ್ಲೇನೋವಾಸಿಯವರೇ, ದಯವಿಟ್ಟು ಮೇಲಿನ ಮಾತು ಕೇಳಬೇಡಿ. ಅವರು ಹೇಳಿದ್ದು ಇಬ್ಬರೂ ಟೆಕ್ಸಸ್‌ನವರೇ ಆಗಿದ್ದರೆ ಸರಿ. ನಿಮ್ಮ ವಿಷಯದಲ್ಲಿ ಅದು ಜೈಲಿನ ದಾರಿ.

1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ, ಲೈಸೆನ್ಸ್ ಇಲ್ಲದ ಸಾಮಾನ್ಯ ವ್ಯಕ್ತಿ ಬೇರೆ ರಾಜ್ಯದಲ್ಲಿ ವಾಸ ಇರುವವರಿಗೆ ನೇರವಾಗಿ ಗನ್ ಕೊಡುವಂತಿಲ್ಲ. ನೀವು ಕೂಡ ಬೇರೆ ರಾಜ್ಯದಲ್ಲಿ ಹಾಗೆ ಪಡೆದ ಗನ್ನನ್ನು ನಿಮ್ಮ ರಾಜ್ಯಕ್ಕೆ ತರುವಂತಿಲ್ಲ. ಅಂದರೆ ತಪ್ಪು ಇಬ್ಬರದ್ದೂ. ಐದು ವರ್ಷದವರೆಗೆ ಶಿಕ್ಷೆ ಇದೆ. ನದಿಯ ಈ ದಡವೋ ಆ ದಡವೋ, ಅದು ಲೆಕ್ಕಕ್ಕಿಲ್ಲ. ನೀವಿಬ್ಬರೂ ಯಾವ ರಾಜ್ಯದವರು ಅನ್ನೋದಷ್ಟೇ ಲೆಕ್ಕ. ಅವರು ಬರೆದುಕೊಡುವ ಕಾಗದ ಇದೆಯಲ್ಲ, ಅದು ನಿಮ್ಮಿಬ್ಬರ ವಿರುದ್ಧ ನೀವೇ ಸಹಿ ಹಾಕಿಟ್ಟ ಸಾಕ್ಷಿ!

ನಿಮಗೆ ಇನ್ನೂ ಒಂದು ಅಪಾಯ ಇದೆ. ಇಲ್ಲೇ ಹುಟ್ಟಿದವನಿಗೆ ಇದು ಕೋರ್ಟು ಕಚೇರಿಯಲ್ಲಿ ಮುಗಿಯಬಹುದು. ಗ್ರೀನ್ ಕಾರ್ಡ್ ಇರುವವರಿಗೆ ಕಾನೂನು ಮೀರಿ ಗನ್ ಕೊಂಡ ಕೇಸಿನಲ್ಲಿ ಶಿಕ್ಷೆಯಾದರೆ, ಅದೇ ದೇಶದಿಂದ ಹೊರಗೆ ಕಳಿಸಲು ಕಾರಣ ಆಗುತ್ತದೆ. 350 ಡಾಲರ್ ರಿವಾಲ್ವರ್‌ಗೆ ಇದೆಲ್ಲ ಬೇಕಾ?

ಟಲ್ಸಾ ಅಂಗಡಿಯ ಯೋಚನೆ ಒಳ್ಳೆಯದೇ, ಆದರೆ ನಡೆಯಲ್ಲ. ರೈಫಲ್ ಅಥವಾ ಶಾಟ್‌ಗನ್ ಆಗಿದ್ದರೆ, ಎರಡೂ ರಾಜ್ಯಗಳ ಕಾನೂನಿಗೆ ಒಪ್ಪಿದರೆ, ಅಲ್ಲಿಯ ಡೀಲರ್ ನಿಮ್ಮ ಕೈಗೇ ಕೊಡಬಹುದಿತ್ತು. ಹ್ಯಾಂಡ್‌ಗನ್ (ಪಿಸ್ತೂಲು, ರಿವಾಲ್ವರ್ ಥರದ್ದು) ಮಾತ್ರ ನಿಮ್ಮ ಸ್ವಂತ ರಾಜ್ಯದ ಡೀಲರ್ ಕೈಯಿಂದಲೇ ಬರಬೇಕು. ಟಲ್ಸಾದಲ್ಲಿ ನೂರು ಸಲ ಚೆಕ್ ಪಾಸಾದರೂ ಅಷ್ಟೇ.

ಇನ್ನು ಬಾಯಿಮಾತಿನ ವಿಷಯ. ಇದನ್ನು ಓದಿ ನನಗೂ ಒಂಥರಾ ಆಯಿತು. ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಅವರು ವಿಲ್‌ನಲ್ಲಿ ನಿಮ್ಮ ಹೆಸರು ಬರೆದು ರಿವಾಲ್ವರ್ ಬಿಟ್ಟುಹೋಗಿದ್ದರೆ, ನೀವೇ ಹೋಗಿ ನೇರವಾಗಿ ತರಬಹುದಿತ್ತು, ಡೀಲರ್ ಬೇಕಿರಲಿಲ್ಲ. ಬರೀ ಮಾತಿನಲ್ಲಿ ಹೇಳಿದ್ದಕ್ಕೆ ಅದು ಸಿಗಲ್ಲ. ಈಗ ಅದು ಅವರ ಹೆಂಡತಿಯದು. ದುಡ್ಡು ಬೇಡ, ಸುಮ್ನೆ ಇಟ್ಕೋ ಅಂದರೂ ನಿಯಮ ಬದಲಾಗಲ್ಲ. ಒಂದು ಸಲ ವಿಲ್ ಇದೆಯಾ ಅಂತ ಮೆಲ್ಲಗೆ ಕೇಳಿ ನೋಡಿ.

ಇಲ್ಲ ಅಂದರೆ ಸರಿದಾರಿ ಕಷ್ಟದ್ದೇನಲ್ಲ. ಮೊದಲು ನೀವು ಪ್ಲೇನೋ ಸುತ್ತಮುತ್ತ ಲೈಸೆನ್ಸ್ ಇರುವ ಡೀಲರ್‌ಗೆ ಫೋನ್ ಮಾಡಿ. ನಾವು ಎಫ್‌ಎಫ್‌ಎಲ್ ಅಂತೀವಲ್ಲ, ಅವರು. "ಹೊರರಾಜ್ಯದಿಂದ ಟ್ರಾನ್ಸ್‌ಫರ್ ತಗೋತೀರಾ, ಎಷ್ಟು ತಗೋತೀರಾ" ಅಂತ ಕೇಳಿ. ನನ್ನಿಂದ 30 ಡಾಲರ್ ತಗೊಂಡಿದ್ದರು. ಆಮೇಲೆ ಅವರ ಲೈಸೆನ್ಸ್ ಪ್ರತಿಯನ್ನು ಟಲ್ಸಾದ ಒಬ್ಬ ಡೀಲರ್‌ಗೆ ಕಳಿಸಲು ಹೇಳಿ. ಆ ತಾಯಿ ಗುಂಡು ತೆಗೆದ ರಿವಾಲ್ವರ್ ಅನ್ನು ಡಬ್ಬದಲ್ಲಿಟ್ಟು ಟಲ್ಸಾ ಅಂಗಡಿಗೆ ಕೊಟ್ಟರೆ ಅವರ ಕೆಲಸ ಮುಗಿಯಿತು. ಅಲ್ಲಿಂದ ಡೀಲರ್‌ನಿಂದ ಡೀಲರ್‌ಗೆ ಬರುತ್ತದೆ. ಅವರೇ ಪಾರ್ಸೆಲ್ ಮಾಡೋದು ಬೇಡ. ದೊಡ್ಡ ಕೊರಿಯರ್ ಕಂಪನಿಗಳು ಲೈಸೆನ್ಸ್ ಇದ್ದವರಿಂದ ಮಾತ್ರ ತಗೊಳ್ಳುತ್ತವೆ.

ಅವರಿಗೇ ಈ ಕಡೆ ಬರುವ ಕೆಲಸ ಇದ್ದರೆ, ಗುಂಡು ತೆಗೆದು, ಟ್ರಂಕ್‌ನಲ್ಲಿ ಬೀಗ ಹಾಕಿಟ್ಟು ತಂದು ಪ್ಲೇನೋ ಡೀಲರ್‌ಗೇ ಕೊಡಬಹುದು. ಅದಕ್ಕೆ ಅಡ್ಡಿಯಿಲ್ಲ. ಆದರೆ ಟಲ್ಸಾದಿಂದ ಪ್ಲೇನೋ ಡೀಲರ್‌ವರೆಗೆ ನೀವು ತರೋದು ಆಗಲ್ಲ. ಎಲ್ಲರೂ ಎಡವುವುದು ಇಲ್ಲೇ. "ಹೇಗೂ ಡೀಲರ್ ಹತ್ತಿರ ಹೋಗ್ತಾ ಇದೀನಲ್ಲ" ಅಂದ್ಕೊಳ್ತಾರೆ. ಅವರ ಕೈಯಿಂದ ನಿಮ್ಮ ಕೈಗೆ ಬಂದ ಕ್ಷಣವೇ ತಪ್ಪು ನಡೆದುಹೋಗಿರುತ್ತದೆ.

ನನ್ನ ಕಥೆ ಕೇಳಿ. ಆರ್ಕನ್ಸಾದವರೊಬ್ಬರಿಂದ ಪಿಸ್ತೂಲು ಕೊಂಡಿದ್ದೆ, ಡೀಲರ್ ಮೂಲಕವೇ. ಡಬ್ಬದೊಳಗೆ ನನ್ನ ಹೆಸರೇ ಇರಲಿಲ್ಲ. ಅಂಗಡಿಯವರಿಗೆ ಅದು ಯಾರದ್ದು ಅಂತ ಗೊತ್ತಿಲ್ಲ, ನನಗೆ ಅದು ಬಂದಿರೋದೇ ಗೊತ್ತಿಲ್ಲ. ಹನ್ನೊಂದು ದಿನ ಹಿಂದಿನ ಕೋಣೆಯಲ್ಲಿ ಬಿದ್ದಿತ್ತು. ನಾನು ಮಾರಿದವರ ಮೇಲೆ ಸಿಟ್ಟು ಮಾಡ್ಕೊಂಡು ಕೂತಿದ್ದೆ, ಪಾಪ. ಒಂದು ಚೀಟಿಯಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಬರೆದು ಒಳಗೆ ಹಾಕಿಸಿ.

ಆಮೇಲೆ ಕೌಂಟರ್‌ನಲ್ಲಿ ಫಾರಂ 4473, ಡೀಲರ್ ಹತ್ತಿರ ಗನ್ ಪಡೆಯುವವರು ತುಂಬಬೇಕಾದ ಸರ್ಕಾರಿ ಫಾರಂ. ಅಲ್ಲಿ "ಕೌಂಟಿ" ಅಂತ ಒಂದು ಖಾನೆ ಇದೆ, ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ. ನಾನು ಅವಸರದಲ್ಲಿ "ಕಂಟ್ರಿ" ಅಂತ ಓದಿ, ಚೆಂದದ ಅಕ್ಷರದಲ್ಲಿ "ಯುಎಸ್‌ಎ" ಅಂತ ಬರೆದುಕೊಟ್ಟೆ. ಕೌಂಟರ್‌ನವನು ನೋಡಿ, ಒಂದು ಮಾತೂ ಆಡದೆ ಹೊಸ ಫಾರಂ ತಳ್ಳಿದ. ದಿನಕ್ಕೆ ನಾಲ್ಕು ಜನ ಹೀಗೇ ಬರೀತಾರೆ ಅನ್ನೋ ಮುಖ. ಪ್ಲೇನೋದ ಹೆಚ್ಚಿನ ಭಾಗ ಕಾಲಿನ್ ಕೌಂಟಿ, ಸ್ವಲ್ಪ ಡೆಂಟನ್‌ಗೆ ಸೇರುತ್ತದೆ. ನಿಮ್ಮ ಮನೆ ಯಾವುದರಲ್ಲಿದೆ ಅಂತ ನೋಡ್ಕೊಂಡೇ ಹೋಗಿ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಈಗಿನ ವಿಳಾಸ ಇರಲಿ. ಗ್ರೀನ್ ಕಾರ್ಡ್ ತಗೊಂಡು ಹೋಗಿ, ಅದರ ನಂಬರ್ ಫಾರಂನಲ್ಲಿ ಕೇಳ್ತಾರೆ.

ಚೆಕ್ ಮಾಡೋದು ಎಫ್‌ಬಿಐನ ನಿಕ್ಸ್ ವ್ಯವಸ್ಥೆ, 1998ರಿಂದ ಇದೆ. ಪ್ರೊಸೀಡ್ (ಕೊಡಬಹುದು), ಡಿಲೇಡ್ (ಇನ್ನೂ ನೋಡಬೇಕು), ಡಿನೈಡ್ (ಕೊಡುವಂತಿಲ್ಲ), ಮೂರರಲ್ಲಿ ಒಂದು ಉತ್ತರ ಬರುತ್ತದೆ. ಡಿಲೇಡ್ ಬಂದರೆ ಗಾಬರಿ ಬೇಡ.

ಬೇವ್ಯೂ_ಹುಡುಗ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಎಚ್‌1ಬಿಯಲ್ಲಿದ್ದೇನೆ. ಸಿಟಿಜನ್ ಆಗಿರುವ ಗೆಳೆಯ ತನ್ನ ಹೆಸರಲ್ಲಿ ಕೊಂಡು ನನಗೆ ಕೊಟ್ಟರೆ?

ಹಳೇಸಿಲಿಂಡರ್:

ತಮ್ಮಾ, ಈ ಯೋಚನೆ ಇವತ್ತೇ ಬಿಟ್ಟುಬಿಡು. ಎಚ್‌1ಬಿ, ಎಚ್‌4 ಥರದ ವೀಸಾದಲ್ಲಿ ಬಂದವರು ಗನ್ ಕೊಳ್ಳೋದಿರಲಿ, ಇಟ್ಟುಕೊಳ್ಳುವ ಹಾಗೂ ಇಲ್ಲ. ಕೆಲವು ವಿನಾಯಿತಿಗಳಿವೆ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದು ಒಂದು. ಅದಿಲ್ಲದೆ ಗೆಳೆಯನ ರೇಂಜ್ ಫೋಟೋಗೆ ಗನ್ ಹಿಡಿದು ನಿಲ್ಲೋದು ಕೂಡ ಬೇಡ.

ಇನ್ನು ಗೆಳೆಯನ ಹೆಸರಲ್ಲಿ ಕೊಳ್ಳೋದು. 4473ರಲ್ಲಿ "ಇದನ್ನು ನಿಜವಾಗಿ ಕೊಳ್ತಾ ಇರೋದು ನೀವೇನಾ" ಅಂತ ಕೇಳ್ತಾರೆ. ಅಲ್ಲಿ ಹೌದು ಅಂದರೆ ಅವನು ಸುಳ್ಳು ಬರೆದ ಹಾಗೆ. 2022ರಲ್ಲಿ ಬಂದ ಕಾನೂನಿನಲ್ಲಿ ಇಂಥ ಬೇನಾಮಿ ಖರೀದಿಗೆ 15 ವರ್ಷದವರೆಗೆ ಶಿಕ್ಷೆ ಇದೆ. ಗೆಳೆಯನ ಮೇಲೆ ಪ್ರೀತಿ ಇದ್ದರೆ ಕೇಳಲೇಬೇಡ.

ತುಕ್ಕು_ಮತ್ತು_ಎಣ್ಣೆ:

ಹಳೇಸಿಲಿಂಡರ್ ಅವರು ಹೇಳಿದ್ದೆಲ್ಲ ಸರಿ. ಒಂದು ಸೇರಿಸ್ತೀನಿ. 1972ರದ್ದು ಅಂದರೆ 50 ವರ್ಷ ದಾಟಿತು. ಬದಲಾವಣೆ ಮಾಡದೆ ಮೊದಲಿದ್ದ ಹಾಗೇ ಇದ್ದರೆ ಅದು "ಕ್ಯೂರಿಯೋ ಅಂಡ್ ರೆಲಿಕ್" ಗುಂಪಿಗೆ ಸೇರುತ್ತದೆ. ಹಳೇ ಗನ್ ಸಂಗ್ರಹಿಸುವ ನನ್ನಂಥವರಿಗೆ ಅಂತಲೇ ಟೈಪ್ 03 ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್. ಅದು ಇದ್ದರೆ ಇಂಥದ್ದನ್ನು ಹೊರರಾಜ್ಯದವರಿಂದ ನೇರವಾಗಿ ಕೊಳ್ಳಬಹುದು. ಆದರೆ ಬಂದದ್ದು ಹೋದದ್ದನ್ನೆಲ್ಲ ಪುಸ್ತಕದಲ್ಲಿ ಬರೆದಿಡಬೇಕು. ಒಂದೇ ಒಂದು ರಿವಾಲ್ವರ್‌ಗೆ ಇಷ್ಟೆಲ್ಲ ಬೇಡ. ಡೀಲರ್ ದಾರಿಯೇ ಸಲೀಸು. ಹಾಗೇ, ಆ ಸವೆದ ಹಿಡಿಯನ್ನು ಪಾಲಿಶ್ ಮಾಡಿಸಿಬಿಟ್ಟೀರಿ, ಜೋಕೆ!

ಪ್ಲೇನೋವಾಸಿ:

ಎಲ್ಲರಿಗೂ ಥ್ಯಾಂಕ್ಸ್. ವಿಲ್‌ನಲ್ಲಿ ಮನೆ, ಕಾರು ಬಿಟ್ಟರೆ ಬೇರೇನೂ ಬರೆದಿಲ್ಲವಂತೆ. ಕೇಳಿದಾಗ ಅವರು ನಕ್ಕುಬಿಟ್ಟರು, "ಅವನಿಗೆ ಬರೆಯೋದು ಅಂದರೆ ಆಗ್ತಿರಲಿಲ್ಲ" ಅಂತ. ಹಾಗಾದರೆ ಡೀಲರ್ ದಾರಿಯೇ. ಅವರ ಹತ್ತಿರ ಚರ್ಮದ ಹೋಲ್‌ಸ್ಟರ್, ಎರಡು ಡಬ್ಬ ಗುಂಡು ಕೂಡ ಇವೆ. ಅವನ್ನೂ ಡೀಲರ್ ಮೂಲಕವೇ ತರಿಸಬೇಕಾ?

ಹಳೇಸಿಲಿಂಡರ್:

ಬೇಡ. ಹೋಲ್‌ಸ್ಟರ್ ಬರೀ ಚರ್ಮ. ಗುಂಡನ್ನೂ ನೀವೇ ತರಬಹುದು, ಹೊರರಾಜ್ಯದ ಆ ನಿಯಮ ಇರೋದು ಗನ್ನಿಗೆ. ಹೇಗೂ ಒಂದು ಸಲ ಹೋಗಿ ಅವರನ್ನು ಮಾತಾಡಿಸಿಕೊಂಡು ಬನ್ನಿ, ಒಬ್ಬರೇ ಇರ್ತಾರೆ ಅಲ್ವಾ.

ಪ್ಲೇನೋವಾಸಿ (ಐದು ವಾರದ ನಂತರ):

ಬಂತು. ನಾನು ಟಲ್ಸಾಗೆ ಹೋಗಿದ್ದೆ, ನಾಲ್ಕು ಗಂಟೆ ಡ್ರೈವ್. ಅವರನ್ನು ಕೂರಿಸಿಕೊಂಡು ಅಲ್ಲಿಯ ಅಂಗಡಿಗೆ ಹೋದೆ. ಡಬ್ಬ ಅವರ ಮಡಿಲಲ್ಲೇ ಇತ್ತು, ನಾನು ಮುಟ್ಟಲಿಲ್ಲ. ಅಂಗಡಿಯವನು ಸಿಲಿಂಡರ್ ತೆರೆದು ಖಾಲಿ ಇದೆಯಾ ಅಂತ ನೋಡಿದಾಗ ಬಂದ ಸಣ್ಣ ಟಿಕ್ ಶಬ್ದಕ್ಕೆ ಅವರು ಒಂದು ಸಲ ಕಣ್ಣು ಮುಚ್ಚಿಕೊಂಡರು. ವಾಪಸ್ ಬರುವಾಗ ಖಾಲಿ ಹೋಲ್‌ಸ್ಟರ್ ನನ್ನ ಪಕ್ಕದ ಸೀಟಿನಲ್ಲಿತ್ತು.

ಪ್ಲೇನೋದಲ್ಲಿ ಮಂಗಳವಾರ ಚೆಕ್ ಮಾಡಿದರು, ಡಿಲೇಡ್ ಬಂತು. ಗುರುವಾರ ಮಧ್ಯಾಹ್ನ ಪ್ರೊಸೀಡ್ ಆಯಿತು ಅಂತ ಫೋನ್ ಮಾಡಿದರು. ಚೀಟಿ ಹಾಕಿಸಿದ್ದೆ, ಹಾಗಾಗಿ ಡಬ್ಬ ಎಲ್ಲೂ ಕಳೆದುಹೋಗಲಿಲ್ಲ. ಕೌಂಟಿ ಕೂಡ ಸರಿಯಾಗಿ ಬರೆದೆ ಹಳೇಸಿಲಿಂಡರ್ ಅವರೇ, ಎರಡು ಸಲ ಓದಿ ಬರೆದೆ. ಆದರೆ ಹುಟ್ಟಿದ ತಾರೀಖನ್ನು ಊರಿನ ಅಭ್ಯಾಸದಲ್ಲಿ ದಿನ ಮೊದಲು, ತಿಂಗಳು ಆಮೇಲೆ ಬರೆದುಬಿಟ್ಟೆ. ಕೌಂಟರ್‌ನವಳು "ಹತ್ತೊಂಬತ್ತನೇ ತಿಂಗಳಾ?" ಅಂತ ಕೇಳಿ ಹೊಸ ಫಾರಂ ಕೊಟ್ಟಳು.