ಸಹಾಯ ಬೇಕು: ದಾವಣಗೆರೆ ಕಡೆ ಮಕ್ಕಳಿಗೆ ಇನ್ಸುಲಿನ್ ಪಂಪ್ ಹಾಕಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ವಿದ್ಯಾನಗರದವರು. ನಾಲ್ಕನೇ ಕ್ಲಾಸ್ ಓದೋ ಮಗಳಿಗೆ ಟೈಪ್ 1 ಶುಗರ್ ಇದೆ. ಊಟಕ್ಕೆ ಮುಂಚೆ ಒಂದೊಂದು, ರಾತ್ರಿ ಒಂದು ಇಂಜೆಕ್ಷನ್ ನಡೀತಿದೆ. ಆದರೂ ನಡುರಾತ್ರಿ ಶುಗರ್ 60ಕ್ಕಿಂತ ಕೆಳಗಿಳಿಯುತ್ತೆ, ಬೆಳಗಿನ ಜಾವ ಸರ್ರನೆ ಏರುತ್ತೆ. ಮೈಮೇಲಿದ್ದು ಇಡೀ ದಿನ ಸ್ವಲ್ಪಸ್ವಲ್ಪವೇ ಇನ್ಸುಲಿನ್ ಕೊಡೋ ಪಂಪ್‌ನಲ್ಲಾದರೆ ಹೊತ್ತು ನೋಡಿ ಡೋಸ್ ಬದಲಿಸಬಹುದು, ಯೋಚನೆ ಮಾಡಿ ಅಂದರು ಡಾಕ್ಟರು.

ಮನೇಲಿ ಅತ್ತೆಗೆ ಟೈಪ್ 2. ‘ನನಗೂ ಒಂದು ಹಾಕಿಸ್ರಿ’ ಅಂತಾರೆ! ಮಾತ್ರೆ, ಒಂದು ಹೊತ್ತಿನ ಇನ್ಸುಲಿನ್‌ನಲ್ಲೇ ಹತೋಟಿಯಲ್ಲಿರೋರಿಗೆ ಇದರ ಅಗತ್ಯವಿಲ್ಲ ಅಂತ ಹೇಳಿ ಸಾಕಾಯ್ತು.

ನನ್ನ ಭಯ ಬೇರೆ. ಪಂಪ್‌ನಲ್ಲಿ ಬೇಗ ಕೆಲಸ ಮಾಡಿ ಬೇಗ ಮುಗಿಯೋ ಇನ್ಸುಲಿನ್ ಮಾತ್ರ ಇರುತ್ತೆ. ಆಟದಲ್ಲಿ ಟ್ಯೂಬ್ ಮಡಚಿಕೊಂಡರೆ, ಸೂಜಿ ಕಿತ್ತುಬಂದರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರೋ ಅಪಾಯದ ಆಮ್ಲ) ಏರಬಹುದು. ಇನ್ಸುಲಿನ್ ಪೆನ್ ಸದಾ ಬ್ಯಾಗಲ್ಲಿರಬೇಕು ಅನ್ನೋದು ಗೊತ್ತು, ಆದರೆ ಶಾಲೆಯಲ್ಲಿ ಯಾರು ಹಾಕ್ತಾರೆ? ನಿಮ್ಮ ಮಕ್ಕಳ ಟೀಚರ್‌ಗಳಿಗೆ ಹೇಗೆ ಹೇಳಿಕೊಟ್ರಿ?

ಎರಡು ಮೂರು ದಿನಕ್ಕೊಮ್ಮೆ ಬದಲಿಸೋ ಪಂಪ್‌ನ ಟ್ಯೂಬ್-ಸೂಜಿ ಸೆಟ್‌ಗಳು ದಾವಣಗೆರೆ, ಚಿತ್ರದುರ್ಗದಲ್ಲಿ ಸಿಗುತ್ತವಾ, ಬೆಂಗಳೂರಿಂದಲೇ ತರಿಸಬೇಕಾ? ತಿಂಗಳ ಖರ್ಚು ಎಷ್ಟು ಬೀಳುತ್ತೆ? ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಮೈಮೇಲಿನ ಇನ್ಸುಲಿನ್ ಕೆಡದ ಹಾಗೆ ಏನು ಮಾಡ್ತೀರಿ? ಬೆಣ್ಣೆ ದೋಸೆ, ಮಂಡಕ್ಕಿಗೆ ಕಾರ್ಬ್ (ಪಿಷ್ಟ, ಸಕ್ಕರೆ ಅಂಶ) ಲೆಕ್ಕ ಹಾಕಿಟ್ಟವರಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಬೆಣ್ಣೆಯ ಕೊಬ್ಬಿಂದ ಶುಗರ್ ತಡವಾಗಿ ಏರೋದು ದೊಡ್ಡ ತಲೆನೋವು.

ಟೈಪ್ 1 ಇದ್ದು ಬಸುರಿಯಲ್ಲಿ ಪಂಪ್ ಬಳಸಿದವರೂ ಬರೆಯಿರಿ, ತಂಗಿಗೆ ಬೇಕಾಗಿದೆ. ಖಾಲಿ ಹೊಟ್ಟೆಯಲ್ಲಿ ಶುಗರ್ 95ರೊಳಗೆ ಇರಬೇಕು ಅಂದಿದ್ದಾರೆ ಅವಳಿಗೆ.

ಮಾರಾಟದವರು ದಯವಿಟ್ಟು ಮೆಸೇಜ್ ಮಾಡಬೇಡಿ. ಬಳಸಿದವರ ಅನುಭವ ಸಾಕು.