ಸಿಗಾರ್ ಪೆಟ್ಟಿಗೆ ಗಿಟಾರ್: ನೆಕ್ ಮುಚ್ಚಳಕ್ಕೆ ತಾಗಬೇಕಾ, ಬೇಡ್ವಾ?

ಮಲೆನಾಡ ಮಾಣಿ:
ಎಲ್ಲರಿಗೂ ನಮಸ್ಕಾರ. ನಾನಿರೋದು ಒಹಾಯೊದಲ್ಲಿ. ಇಲ್ಲಿ ತಂಬಾಕಿನ ಅಂಗಡಿಯಲ್ಲಿ ಖಾಲಿ ಸಿಗಾರ್ ಪೆಟ್ಟಿಗೆ ಸಿಗುತ್ತವೆ. ಒಳ್ಳೆ ಮರದ್ದೊಂದು ತಂದಿದ್ದೇನೆ. 9 ಇಂಚು ಉದ್ದ, 7 ಅಗಲ, ಮುಚ್ಚಳ 3 ಮಿ.ಮೀ. ದಪ್ಪ. ನೆಕ್‌ಗೆ, ಅಂದ್ರೆ ಗಿಟಾರಿನ ಉದ್ದ ಕತ್ತಿಗೆ, ಮೇಪಲ್ ಕೋಲು ಇದೆ: 36 ಇಂಚು ಉದ್ದ, 19 ಮಿ.ಮೀ. ದಪ್ಪ. ಮೂರು ತಂತಿ ಹಾಕೋ ಆಸೆ. ಕೋಲನ್ನು ಪೆಟ್ಟಿಗೆಯೊಳಗೆ ಪೂರ್ತಿ ಹಾಯಿಸಬೇಕಾ? ಮುಚ್ಚಳಕ್ಕೂ ಅಂಟಿಸಿಬಿಟ್ಟರೆ ಗಟ್ಟಿ ಆಗುತ್ತೆ ಅಲ್ವಾ?

ಮೂರುತಂತಿ:
ಪೂರ್ತಿ ಹಾಯಿಸಿ. ಮುಚ್ಚಳಕ್ಕೆ ಮಾತ್ರ ದಯವಿಟ್ಟು ಅಂಟಿಸಬೇಡಿ. ದನಿ ಬರೋದೇ ಮುಚ್ಚಳದಿಂದ. ತಂತಿಯ ಅದುರು ಬ್ರಿಡ್ಜ್ (ಮುಚ್ಚಳದ ಮೇಲೆ ತಂತಿಗಳನ್ನು ಎತ್ತಿ ಹಿಡಿಯೋ ಸಣ್ಣ ಪಟ್ಟಿ) ಮೂಲಕ ಮುಚ್ಚಳಕ್ಕೆ ಇಳಿಯುತ್ತದೆ. ಕೋಲು ಕೆಳಗಿನಿಂದ ಒತ್ತಿ ಹಿಡಿದರೆ ಅದು ಅದುರೋದು ಹೇಗೆ? ತಂತಿಗಳನ್ನು ಕೋಲಿನ ಬಾಲಕ್ಕೇ, ಅಂದ್ರೆ ಪೆಟ್ಟಿಗೆಯಿಂದ ಆಚೆ ಚಾಚೋ ತುದಿಗೇ ಕಟ್ಟಿ. ಆಗ ಎಳೆತವೆಲ್ಲ ಕೋಲಿನ ಮೇಲೆ ಬೀಳುತ್ತದೆ. ಮುಚ್ಚಳ ಹೊರೋದು ಬ್ರಿಡ್ಜ್ ಕೆಳಕ್ಕೆ ಒತ್ತುವಷ್ಟು ಭಾರ ಮಾತ್ರ. ಅದಕ್ಕೆ 3 ಮಿ.ಮೀ. ಸಾಕು.

ಇನ್ನು ಕೆತ್ತೋ ಲೆಕ್ಕ. ಪೆಟ್ಟಿಗೆಯ ಉದ್ದಕ್ಕೂ ಕೋಲಿನ ಮೇಲ್ಭಾಗದಿಂದ 3 ಮಿ.ಮೀ. ತೆಗೆಯಿರಿ. ಮುಚ್ಚಳ ಕೂತಾಗ ಕೋಲಿನ ಮಟ್ಟಕ್ಕೆ ಸಮ ಬರುತ್ತೆ. ಆಮೇಲೆ ಎರಡೂ ತುದಿಯಲ್ಲಿ ಅರ್ಧರ್ಧ ಇಂಚು ಹಾಗೇ ಬಿಟ್ಟು, ನಡುವೆ ಇನ್ನೂ 3 ಮಿ.ಮೀ. ಇಳಿಸಿ. 19ರಲ್ಲಿ 13 ಉಳಿಯುತ್ತದೆ. ಮೂರು ತಂತಿಗೆ ಮೇಪಲ್ ಅಷ್ಟಿದ್ದರೆ ಧಾರಾಳ. ಪೆಟ್ಟಿಗೆಯ ಎರಡೂ ಪಕ್ಕದಲ್ಲಿ ಕೋಲು ಕೂರೋ ಕಚ್ಚಿನ ಆಳ 16 ಮಿ.ಮೀ.

ಗರಗಸದಿಂದ ಹತ್ತಿರ ಹತ್ತಿರ ಅಡ್ಡ ಗೀರು ಕೊಯ್ದು, ಉಳಿಯಿಂದ ಚಕ್ಕೆ ಎಬ್ಬಿಸಿ. ಮುಚ್ಚಳ ಅಂಟಿಸೋ ಮುಂಚೆ ಒಂದು ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ಎಲ್ಲೂ ಸಿಕ್ಕಿಕೊಳ್ಳದೆ ಜಾರಬೇಕು. ಸಿಕ್ಕಿಕೊಂಡ ಕಡೆ ಇನ್ನಷ್ಟು ಕೆರೆಯಿರಿ. ಈ ಒಂದು ಕೆಲಸಕ್ಕೆ ಅವಸರ ಮಾಡಬೇಡಿ ಸರ್, ಇಡೀ ವಾದ್ಯ ಇದರ ಮೇಲೇ ನಿಂತಿದೆ.

ಮಲೆನಾಡ ಮಾಣಿ:
ಈಗ ಅರ್ಥ ಆಯ್ತು, ಥ್ಯಾಂಕ್ಸ್. ಬ್ರಿಡ್ಜ್ ಎಲ್ಲಿಡಲಿ?

ಮೂರುತಂತಿ:
ಪೆಟ್ಟಿಗೆಯ ಬಾಲದ ಕಡೆಯ ಅಂಚಿನಿಂದ 3 ಇಂಚಿಗೆ ಇಡಿ. ತೀರಾ ಅಂಚಿಗೆ ಹೋದರೆ ಮುಚ್ಚಳ ಅಲ್ಲಿ ಬಿಗಿ, ದನಿ ಸಣ್ಣದಾಗುತ್ತೆ. ಬ್ರಿಡ್ಜ್‌ನಿಂದ ನಟ್‌ಗೆ (ತಲೆಯ ಕಡೆ ತಂತಿಗಳು ಕೂರೋ ಸಣ್ಣ ಪಟ್ಟಿ) 25 ಇಂಚು ಅಳೆಯಿರಿ. ನಟ್‌ನಿಂದ ಪೆಟ್ಟಿಗೆಗೆ 19 ಇಂಚು ಸಿಗುತ್ತದೆ. 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಮೆಟ್ಟಿಲು) ನಟ್‌ನಿಂದ ಸರಿಯಾಗಿ ಅರ್ಧಕ್ಕೆ, 12.5 ಇಂಚಿಗೆ. ಮೊದಲ ಫ್ರೆಟ್‌ಗೆ 25ನ್ನು 17.817ರಿಂದ ಭಾಗಿಸಿ, 1.403 ಇಂಚು ಬರುತ್ತೆ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದಕ್ಕೆ ಇರೋ ದೂರ, ಹೀಗೇ ಮುಂದಕ್ಕೆ. 24ನೇ ಫ್ರೆಟ್ ಕೂಡ 18.75ಕ್ಕೇ ಮುಗಿಯುತ್ತೆ, ಪೆಟ್ಟಿಗೆ ಮೇಲೆ ಹತ್ತೋದಿಲ್ಲ. ಬಾಲ ಹೊರಗೆ ಒಂದಿಂಚು ಬಿಟ್ಟರೂ ತಲೆಗೆ 7 ಇಂಚು ಉಳಿಯುತ್ತದೆ. ತಲೆಯ ಭಾಗವನ್ನು ಸ್ವಲ್ಪ ತಗ್ಗಿಸಿ ಕೆತ್ತಿ, ಆಗ ತಂತಿ ನಟ್ ಮೇಲೆ ಒತ್ತಿ ಕೂರುತ್ತೆ.

ಶ್ರುತಿಪೆಟ್ಟಿಗೆ:
ದನಿ ಹೊರಬರೋ ತೂತುಗಳನ್ನು ಮುಚ್ಚಳದಲ್ಲಿ ನೆಕ್ ಕಡೆಯ ಎರಡು ಮೂಲೆಯಲ್ಲಿ ಕೊರೆಯಿರಿ. ಬ್ರಿಡ್ಜ್ ಸುತ್ತ ಮರ ಹಾಗೇ ಇರಲಿ. ತಂತಿಗೆ ಬೇರೆ ಸೆಟ್ ಹುಡುಕೋದು ಬೇಡ. ಗಿಟಾರ್ ಸೆಟ್‌ನ ಎ, ಡಿ, ಜಿ ತಂತಿ ತಗೊಳ್ಳಿ. ಎ ತಂತಿಯನ್ನು ಜಿಗೆ ಇಳಿಸಿ, ಉಳಿದೆರಡು ಹಾಗೇ ಇರಲಿ. ಜಿ-ಡಿ-ಜಿ ಅಂದ್ರೆ ನಮ್ಮ ಸ-ಪ-ಸ. ತಂಬೂರಿ ಕೇಳಿ ಬೆಳೆದವರಿಗೆ ಮೊದಲ ದಿನವೇ ಕೈಗೆ ಹತ್ತುತ್ತೆ.