ಹೊಲದಾಗ ಗಾಳಿ ಫ್ಯಾನ್: ವಿಂಡ್ ಎಂಜಿನಿಯರ್‌ಗೆ ಕೇಳ್ರಿ

ಆಳಂದ ರೈತ: ಸರ್, ತೊಗರಿ ಹೊಲದಾಗ ಕರೆಂಟ್ ತಯಾರಿಸೋ ಗಾಳಿ ಫ್ಯಾನ್ ಕೂಡಸ್ತೀವಿ ಅಂತ ಏಜೆಂಟ್ ಬಂದಾನ. 30 ವರ್ಷದ ಲೀಸ್, ಜೊತಿಗಿ ಜಿಪಿಎ, ಅಂದ್ರ ನನ್ನ ಪರವಾಗಿ ಸಹಿ ಮಾಡೋ ಅಧಿಕಾರ ಪತ್ರ ಕೇಳ್ಲಕತ್ತಾನ. ಸಹಿ ಮಾಡ್ಲಿ?

ಎಂಜಿನಿಯರ್: ಜಿಪಿಎ ಬ್ಯಾಡೇ ಬ್ಯಾಡ. ಬರೆದ ರೀತಿ ಮ್ಯಾಲ ಅದು ಹೊಲ ಒತ್ತಿ ಇಡೋ ಅಧಿಕಾರನೂ ಕೊಟ್ಟಂಗ ಆಗ್ತದ. ಲೀಸ್ ಸಬ್‌ರಿಜಿಸ್ಟ್ರಾರ್ ಕಡಿ ನೋಂದಣಿ ಆಗ್ಲಿ. 3 ಮೆಗಾವ್ಯಾಟ್ ಫ್ಯಾನಿನ ಬುನಾದಿ ಸುಮಾರು 20 ಮೀಟರ್ ಅಗಲ, 3 ಮೀಟರ್ ಆಳ. ಯರಿ ಮಣ್ಣು ಬ್ಯಾಸಗ್ಯಾಗ ಬಿರಿತದ, ಮಳಿಗಿ ಉಬ್ಬತದ, ಅದಕ್ಕ ಗಟ್ಟಿ ಪದರದ ತನ ಅಗೀತಾರ. ಅವಧಿ ಮುಗದಾಗ ಗೋಪುರ ಒಯ್ದು ಕಾಂಕ್ರೀಟ್ ಬಿಟ್ರ ನೇಗಿಲು ಹೊಡೀಲಕ ಬರಲ್ಲ. ‘1 ಮೀಟರ್ ಆಳದ ತನ ಒಡದು ಮಣ್ಣು ತುಂಬಬೇಕು’ ಅಂತ ಬರಸ್ರಿ, ಆ ಖರ್ಚಿಗಿ ಬ್ಯಾಂಕ್ ಗ್ಯಾರಂಟಿ ಕೇಳ್ರಿ. ಕ್ರೇನ್ ನಿಂತ ಜಾಗಾದಾಗ ಮಣ್ಣು ಅಮುಕಿ ಬೇರು ಇಳಿಯಲ್ಲ. ಆ ಬೆಳಿ ಹಾನಿ ಬ್ಯಾರೆ ಬರಸ್ರಿ.

ಯಾದಗಿರಿ ಸದಸ್ಯ: ಮಾಳಗಿ ಮ್ಯಾಲ ಸಣ್ಣ ಫ್ಯಾನ್ ಹಾಕಬಹುದಾ?

ಎಂಜಿನಿಯರ್: ಗಾಳಿ ವೇಗ ಅರ್ಧಾದ್ರ ಕರೆಂಟ್ ಎಂಟರಾಗ ಒಂದು ಪಾಲು. ಮಾಳಗಿ ಮ್ಯಾಲ ಬರೀ ಸುಳಿಗಾಳಿ. ಸೋಲಾರ್ ಹಾಕ್ರಿ.

ಬೀದರ ಸದಸ್ಯ: ಫಾರ್ವರ್ಡ್ ಬಂದದ: ‘ಫ್ಯಾನ್ ತಿರುಗಿದ್ರ ಮೋಡ ಚದರತಾವ, ಮಳಿ ಬರಲ್ಲ. ಎಲ್ಲಾರಿಗೂ ಕಳಸ್ರಿ.’

ಎಂಜಿನಿಯರ್: ಮೂರನೇ ಸಲ ಇದು. ರೆಕ್ಕಿ ತುದಿ ನೆಲದಿಂದ 200 ಮೀಟರ್ ಆಸುಪಾಸು, ಮಳಿ ಮೋಡ ಕಿಲೋಮೀಟರ್‌ಗಟ್ಟಲೆ ಎತ್ತರ. ಕಳಸಬ್ಯಾಡ್ರಿ.

ಬೀದರ ಸದಸ್ಯ: ಹಂಗಾರ ನಮ್ಮೂರಾಗ ಮಳಿ ಯಾಕಿಲ್ಲ?

ಚಿಂಚೋಳಿ ಸದಸ್ಯ: 1972ರ ಬರದಾಗ ಯಾವ ಫ್ಯಾನ್ ಇತ್ತಪಾ?

ಬೀದರ ಸದಸ್ಯ: ನಿಮಗ ಕಂಪನಿ ರೊಕ್ಕ ಕೊಟ್ಟದೇನು?

ಚಿಂಚೋಳಿ ಸದಸ್ಯ: ನಾಲಿಗಿ ಬಿಗಿ ಹಿಡಿರಿ.

ಸೇಡಂ ಸದಸ್ಯ: ಗುಂಟಿಗಿ ಬಾಡಿಗಿ ಎಷ್ಟು ನಡೀಲತ್ತದ ಸರ್? ಮತ್ತ ಮಗ ಐಟಿಐ ಎಲೆಕ್ಟ್ರಿಷಿಯನ್. ಈ ಧಂದಾ ಉಳೀತದ?

ಎಂಜಿನಿಯರ್: ಉಳೀತದ, ಆದ್ರ ಏರಿಳಿತ ಅದ. 2016-17ರಾಗ ದೇಶದಾಗ ಸುಮಾರು 5,500 ಮೆಗಾವ್ಯಾಟ್ ಹೊಸದು ಕೂಡ್ತು. 2017ರಾಗ ಕಡಿಮಿ ದರಕ್ಕ ಕರೆಂಟ್ ಕೊಡೋರಿಗಿ ಕೆಲಸ ಅನ್ನೋ ಹರಾಜು ಬಂದು ಯೂನಿಟ್ ದರ 3.46 ರೂಪಾಯಿಗಿ ಇಳೀತು. 2017-18ರಾಗ 2,000 ಮೆಗಾವ್ಯಾಟ್ ಸುದ್ದಾ ಕೂಡಲಿಲ್ಲ. 2025ರಾಗ ದೇಶದ ಒಟ್ಟು 50,000 ಮೆಗಾವ್ಯಾಟ್ ದಾಟ್ಯದ. 2024-25ರಾಗ ಎಲ್ಲಾ ರಾಜ್ಯಕ್ಕಿಂತ ಹೆಚ್ಚು ಕೂಡಿಸಿದ್ದು ಕರ್ನಾಟಕ. ಈಗಿನ ತ್ರಾಸು ಗಾಳಿದಲ್ಲ, ಲೈನಿಂದು. ಫ್ಯಾನ್ ಲಗೂ ಕೂಡಸ್ತಾರ, ಕರೆಂಟ್ ಒಯ್ಯೋ ಹೈಟೆನ್ಶನ್ ಲೈನ್ ತಡಾ ಆಗ್ತದ. ಮಗಗ ಎತ್ತರದಾಗ ಕೆಲಸ ಮಾಡೋ ಸುರಕ್ಷತಾ ತರಬೇತಿ ಕೊಡಸ್ರಿ, ಹೈಡ್ರಾಲಿಕ್ ಕಲೀಲಿ.

ಶಹಾಪುರ ಸದಸ್ಯ: ಮನಿ ಮ್ಯಾಲ ಫ್ಯಾನ್…

ಎಂಜಿನಿಯರ್: ಮ್ಯಾಲ ಓದ್ರಿ.

ಆಳಂದ ರೈತ: ನಾಳಿಗೇ ಸಹಿ ಮಾಡು ಅಂತಾನ್ರೀ ಏಜೆಂಟ್.

ಎಂಜಿನಿಯರ್: ಮಾಡಬ್ಯಾಡ್ರಿ. ಕರೆಂಟ್ ಯಾವ ಸಬ್‌ಸ್ಟೇಷನ್‌ಗೆ ಹೋಗ್ತದ, ಲೈನಿಗಿ ಜೋಡಸ್ಲಕ ಕೊಡೋ ಕನೆಕ್ಟಿವಿಟಿ ಮಂಜೂರಿ ಪತ್ರ ಎಲ್ಲಿ ಅಂತ ಕೇಳ್ರಿ. ಅದಿಲ್ಲಂದ್ರ ಹೊಲ ಲೀಸಿನ್ಯಾಗ ಸಿಕ್ಕಿ ಬೀಳ್ತದ, ಫ್ಯಾನ್ ಬರಲ್ಲ. ಫ್ಯಾನ್ ಕೂಡಿಸಿದ ಮ್ಯಾಲೇ ಬಾಡಿಗಿ ಅಂತ ಬರೆದಿದ್ರ ಅದನ್ನ ಹೊಡದು ಹಾಕಸ್ರಿ.

ಸೇಡಂ ಸದಸ್ಯ: ಬಾಡಿಗಿ ರೇಟ್ ಯಾರರ ಹೇಳ್ರಲ್ಲಾ?